ಬೆಕ್ಕಿನ ಬೆನ್ನೊಳಗೆ ಇದ್ದದ್ದು

ಇದನ್ನು ಬರೆಯಲು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆದರಾಯಿತು ಅಂದುಕೊಂಡೆ. ಪೊರೆ ತೆಗೆದರು, ಅಕ್ಷರಗಳು ಚೆನ್ನಾಗಿ ಕಾಣತೊಡಗಿದವು. ಆಗ ಮೊಣಕಾಲು ನೋವಿನ ನೆಪ ಸಿಕ್ಕಿತು. "ಬರಿಯೂದು ಕೈಲೋ ಕಾಲಿಲೋ?" ಎಂದು ಹೆಂಡತಿ ಕೇಳಿದಳು.

ಸಂಗತಿ ಸಣ್ಣದು. ಒಬ್ಬ ಹೆಣ್ಣುಮಗಳ ಮೇಲೆ ಒಂದು ತಪ್ಪು ಬಿತ್ತು. ಅದನ್ನು ಹೊರಿಸಿದ್ದು ನನ್ನ ಮಾತು. ಅದನ್ನು ಇಳಿಸಬಲ್ಲ ಮಾತೂ ನನ್ನ ಹತ್ತಿರವೇ ಇತ್ತು. ನಾನು ಅದನ್ನು ಆಡಲಿಲ್ಲ.

ಸರ್ಕಾರಿ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತನಾದ ಮೇಲೆ, ಜಮಖಂಡಿಯಲ್ಲಿ ನಾಯಿ ಬೆಕ್ಕುಗಳಿಗೆಂದೇ ಹೊಸದಾಗಿ ಶುರುವಾದ ಒಂದು ಖಾಸಗಿ ದವಾಖಾನೆಗೆ ಸೇರಿಕೊಂಡೆ. ನಡೆಸುವವರು ವಯಸ್ಸಿನಲ್ಲಿ ನನ್ನ ಮಗಳಷ್ಟಿನ ಡಾಕ್ಟರಮ್ಮ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ಪ್ರಾಣಿಯನ್ನು ಹಿಡಿದುಕೊಳ್ಳುವುದು, ಗಾಯ ತೊಳೆಯುವುದು, ಸೂಜಿ ಕುದಿಸುವುದು ನನ್ನ ಕೆಲಸ. ಬಾಯಾರು ಸೇರಿಸಿಕೊಂಡ ದಿನವೇ ಹೇಳಿದ್ದರು, "ಕಾಕಾ, ನಾ ನೋಡೂ ತನಕ ಇಂಜೆಕ್ಷನ್ ಮುಟ್ಟಬ್ಯಾಡ್ರಿ. ಅದರಾಗೂ ಸ್ಟಿರಾಯ್ಡ್ ಅಂತೂ ಬ್ಯಾಡ." ನಾನು ಹೂಂ ಅಂದಿದ್ದೆ.

ಆ ಬೆಕ್ಕು ಬಂದದ್ದು ಬನಹಟ್ಟಿಯಿಂದ. ಬಿದಿರಿನ ಬುಟ್ಟಿಯಲ್ಲಿ, ಹಳೆಯ ಸೀರೆಯ ತುಂಡು ಮುಚ್ಚಿ ತಂದಿದ್ದರು. ತಂದವರು ವಿದ್ಯುತ್ ಮಗ್ಗ ಹಾಕಿಕೊಂಡ ಒಂದು ಮನೆಯ ಯಜಮಾನತಿ. ಗಂಜಿ ಹಚ್ಚಿದ ನೂಲಿಗೆ ಇಲಿಗಳು ಬೀಳುತ್ತವೆಂದು ಮಗ್ಗದ ಮನೆಗಳಲ್ಲಿ ಬೆಕ್ಕು ಇಟ್ಟುಕೊಳ್ಳುತ್ತಾರೆ. ಇದು ಬೂದು ಬಣ್ಣದ ಪಟ್ಟೆಯ ಹೆಣ್ಣುಬೆಕ್ಕು. ಹಿಂದಿನ ಎರಡೂ ಕಾಲು ಹಾವಿನಂತೆ ಎಳೆದುಕೊಂಡು ಬುಟ್ಟಿಯಿಂದ ಹೊರಗೆ ಬಂತು. ಬಾಯಾರು ಅವತ್ತು ಬೇಟೆನಾಯಿಯ ಹೆರಿಗೆ ನೋಡಲು ಮುಧೋಳಕ್ಕೆ ಹೋಗಿದ್ದರು.

"ಏನಾಗೇತ್ರಿ ಕಾಕಾ ಇದಕ್ಕ? ನಿನ್ನಿಯಿಂದ ಹಾಲ ಸುದ್ದಾ ಮುಟ್ಟಿಲ್ಲ," ಅಂದರು ಯಜಮಾನತಿ.

ಬಾಯಾರು ಸಂಜೆಗೆ ಬರುತ್ತಾರೆ, ಕೂತಿರಿ ಎಂದು ಹೇಳಬೇಕಿತ್ತು. ನಾನು ಬೆಕ್ಕನ್ನು ಮೇಜಿನ ಮೇಲೆ ಇಟ್ಟುಕೊಂಡೆ.

ನಮ್ಮದು ರನ್ನ ಬೆಳಗಲಿ ಕಡೆಯ ಕುರಿಗಾರರ ಮನೆತನ, ಬೀರದೇವರ ಒಕ್ಕಲು. ಹಿಂಡಿನಲ್ಲಿ ಒಂದು ಕುರಿ ಹಿಂದೆ ಬಿದ್ದರೆ ಅಪ್ಪ ಅದನ್ನು ತೊಡೆಗಳ ನಡುವೆ ಹಿಡಿದುಕೊಂಡು, ಕುತ್ತಿಗೆಯಿಂದ ಬಾಲದವರೆಗೆ ಬೆನ್ನೆಲುಬಿನ ಎರಡೂ ಮಗ್ಗುಲಿಗೆ ಹೆಬ್ಬೆರಳು ಒತ್ತುತ್ತ ಹೋಗುತ್ತಿದ್ದ. ಎಲ್ಲಿ ಕುರಿ ಕುಸಿಯುತ್ತದೋ ಅಲ್ಲಿ ಪೆಟ್ಟು. ಪೆಟ್ಟೆಂದರೆ ಕಲ್ಲಿನದು. ಅಪ್ಪನ ಮುಂದಿನ ಮಾತು ಯಾವಾಗಲೂ ಒಂದೇ, "ಕಲ್ಲ ಒಗದಾಂವ ಯಾಂವಲೇ?" ಹಿಂಡು ಹೊಡೆಯುವಾಗ ಕೋಪದಲ್ಲಿ ಕಲ್ಲು ಬೀಸಿದವನು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಬೆನ್ನು ಬಿದ್ದ ಕುರಿಗೆ ಬೇರೆ ಕಾರಣ ಇರಬಹುದೆಂದು ನಮ್ಮಲ್ಲಿ ಯಾರೂ ಹುಡುಕಿದವರಲ್ಲ. ದವಾಖಾನೆಯ ನೌಕರಿಯಲ್ಲಿಯೂ ನಾನು ದನ ಎಮ್ಮೆಗಳ ಬೆನ್ನ ಮೇಲೆ ಅದೇ ಹೆಬ್ಬೆರಳು ಓಡಿಸಿದೆ, ರೈತರಿಗೆ ಅದೇ ಮಾತು ಹೇಳಿದೆ.

ಬೆಕ್ಕಿನ ಬೆನ್ನ ಮೇಲೆಯೂ ಹಾಗೆಯೇ ಒತ್ತುತ್ತ ಬಂದೆ. ಕಡೆಯ ಪಕ್ಕೆಲುಬು ದಾಟಿದ ಕೂಡಲೆ ಅದು ಕಿರುಚಿ ನನ್ನ ಕೈ ಪರಚಿತು.

"ಇಲ್ಲೇ ನೋಡ್ರಿ, ಪೆಟ್ಟ ಬಿದ್ದೈತಿ," ಅಂದೆ.

"ಯಾರರೆ ಹೊಡದಿರಬೇಕೇನ್ರಿ?"

"ಹೊಡೀಲಾರದ ಹಿಂಗ ಆಗೂದಿಲ್ರಿ ಅಕ್ಕಾರ."

ಅವರ ಮುಖ ಬದಲಾಯಿತು. "ಗೊತ್ತಾತು ಬಿಡ್ರಿ. ನಮ್ಮ ಕಂಡಿಕಿ ಸುತ್ತಾಕೀನ. ನೂಲ ಎಳೀತೈತಿ ಅಂತ ಬೆಕ್ಕಿನ ಮ್ಯಾಲ ಸದಾ ಸಿಟ್ಟ ಆಕೀಗೆ. ಮೊನ್ನಿ ನನ್ನ ಎದರ್ನ್ಯಾಗ ಕಂಡಿಕಿ ತಗೊಂಡ ಒಗದ್ಲರಿ."

ಕಂಡಿಕಿ ಅಂದರೆ ಲಾಳಿಯೊಳಗೆ ಕೂಡುವ, ನೂಲು ಸುತ್ತಿದ ಬೆರಳುದ್ದದ ಕೊಳವೆ. ಅದು ತಗುಲಿ ಬೆಕ್ಕಿನ ಬೆನ್ನು ಮುರಿಯುವುದು ಸಾಧ್ಯವೇ ಎಂದು ನಾನು ಯೋಚಿಸಬಹುದಿತ್ತು. ಇದು ಒಮ್ಮೆಲೇ ಆಯಿತೇ, ಮೆಲ್ಲಗೆ ಬಂತೇ ಎಂದಾದರೂ ಕೇಳಬಹುದಿತ್ತು. ಯಾವುದನ್ನೂ ಮಾಡಲಿಲ್ಲ. ಬಾವು ಇಳಿಯಲೆಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ಕಳಿಸಿದೆ. ಸಂಜೆ ಬಾಯಾರಿಗೆ, "ಬನಹಟ್ಟಿಯಿಂದ ಒಂದ ಬೆಕ್ಕ ಬಂದಿತ್ರಿ, ಪೆಟ್ಟ ಬಿದ್ದಿತ್ತು," ಎಂದಷ್ಟೇ ಹೇಳಿದೆ. ಇಂಜೆಕ್ಷನ್ ಮಾತು ನುಂಗಿದೆ.

ಕೆಲವು ದಿನದಲ್ಲಿ ಯಜಮಾನತಿಯ ಫೋನು ಬಂತು. ಬೆಕ್ಕು ಎದ್ದು ನಡೆಯುತ್ತಿದೆ. "ನಿಮ್ಮ ಕೈಗುಣ ದೊಡ್ಡದ ರೀ ಕಾಕಾ," ಅಂದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಮಾತಿನ ಕೊನೆಗೆ, ಕಂಡಿಕಿ ಸುತ್ತುವವಳನ್ನು ಬಿಡಿಸಿದೆವು ಎಂದೂ ಹೇಳಿದರು. ಆ ಮಾತು ಕಿವಿಗೆ ಬಿತ್ತು, ಅಷ್ಟೇ.

ಕೆಲಸ ಕಳೆದುಕೊಂಡ ಆಕೆಯೇ ಒಂದು ಮಧ್ಯಾಹ್ನ ದವಾಖಾನೆಗೆ ಬಂದಳು. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಬೆರಳುಗಳ ತುದಿಗಳು ನೂಲು ಹಿಡಿದು ಹಿಡಿದು ನುಣುಪಾಗಿದ್ದವು. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತಳು.

"ಬೆಕ್ಕಿಗೆ ಪೆಟ್ಟ ಬಿದ್ದೈತಿ ಅಂದಾವ್ರು ನೀವೇನ್ರಿ?"

"ಹೌದವಾ."

"ನಾ ಹೊಡದಿಲ್ರಿ ಕಾಕಾ. ಒಂದ ದಿನ ಕಂಡಿಕಿ ಒಗದೀನಿ, ಖರೆ. ಅದು ಗ್ವಾಡಿಗಿ ಬಡದು ಬಿತ್ರಿ. ಬೆಕ್ಕಿಗಿ ಹತ್ತಿದ್ದ ನಾ ಅಂತೂ ನೋಡಿಲ್ಲ."

"ನಾ ನಿನ್ನ ಸುದ್ದಿ ಎತ್ತೇ ಇಲ್ಲಲ್ಲವಾ. ಪೆಟ್ಟ ಅಂದೀನಿ ಅಷ್ಟ."

"ಪೆಟ್ಟ ಅಂದ ಮ್ಯಾಲ ಹೊಡದಾವ್ರ ಒಬ್ರು ಬೇಕಲ್ರಿ."

ಆಕೆ ದನಿ ತಗ್ಗಿಸಿದಳು. "ಓಣ್ಯಾಗ ಯಾರೂ ಕೆಲಸಾ ಕೊಡವಲ್ರು ರೀ. ಬೆಕ್ಕ ಹೊಡದಾಕಿ ಮಗ್ಗದ ಮನಿಗೆ ಬಂದ್ರ ಮಗ್ಗ ನಡಿಯಂಗಿಲ್ಲಂತ. ಬಂಗಾರದ ಬೆಕ್ಕ ಮಾಡಿಸಿ ದಾನಾ ಕೊಡು, ಆಮ್ಯಾಗ ಬಾ ಅಂತ ನಗತಾರ. ನೀವೊಂದ ಮಾತ ಹೇಳ್ರಿ ಯಪ್ಪಾ, ಯಾರ ಹೊಡದಾರೋ ಗೊತ್ತಿಲ್ಲ ಅಂತ ಅಂದ್ರೂ ಸಾಕು."

ಬೆಕ್ಕನ್ನು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ದಾನ ಕೊಡಬೇಕೆಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಉಳಿದವರಿಗೆ ಅದು ನಗೆಮಾತು. ಆಕೆಗೆ ಅದರಿಂದ ಕೆಲಸ ಹೋಗಿತ್ತು. "ನೋಡೂನು, ಹೇಳತೀನಿ," ಎಂದು ಸಾಗಹಾಕಿದೆ. ಹೇಳಲಿಲ್ಲ.

ಬೆಕ್ಕು ಮತ್ತೆ ಬಿತ್ತು. ಯಜಮಾನತಿ ಈ ಸಲ ಫೋನು ಮಾಡಿದ್ದು ನೇರ ನನಗೆ. ನಾನು ಬಾಯಾರಿಗೆ ತಿಳಿಸದೆ ಬಸ್ಸು ಹತ್ತಿ ಬನಹಟ್ಟಿಗೆ ಹೋಗಿ ಇನ್ನೊಂದು ಸ್ಟಿರಾಯ್ಡ್ ಚುಚ್ಚಿ ಬಂದೆ. ಮೊದಲ ಸಲದಂತೆ ಎದ್ದೀತೆಂಬ ಆಸೆ. ಅರ್ಧ ಎದ್ದಿತು, ಕಾಲು ಹಾಕಿತು, ಸೊಂಟ ತೂಗಾಡಿ ಬಿತ್ತು. ಆಗ ಮಾತ್ರ, "ಬಾಯಾರಿಗೆ ತೋರಸ್ರಿ," ಅಂದೆ.

ಮರುದಿನ ಬಾಯಾರು ಅದನ್ನು ಮೊದಲ ಬಾರಿಗೆ ಪೂರ್ತಿ ಪರೀಕ್ಷೆ ಮಾಡಿದರು. ನಾನು ಹಿಡಿದುಕೊಂಡಿದ್ದೆ. ತೊಡೆಯೊಳಗೆ ಬೆರಳಿಟ್ಟು ನಾಡಿ ನೋಡಿದರು. ಬೆಕ್ಕುಗಳಿಗೆ ಹೃದಯದಿಂದ ರಕ್ತದ ಗಂಟು ಜಾರಿ ಹಿಂಗಾಲಿನ ನಾಳ ಕಟ್ಟುವುದುಂಟು. ಹಾಗಾದರೆ ನಾಡಿ ಸಿಗುವುದಿಲ್ಲ, ಪಾದ ತಣ್ಣಗೆ, ಅಂಗಾಲು ನೀಲಿ. ಇದರ ನಾಡಿ ಸರಿಯಾಗಿತ್ತು, ಪಾದ ಬೆಚ್ಚಗಿತ್ತು. ಆಮೇಲೆ ಹಿಂಗಾಲಿನ ಪಾದವನ್ನು ಮಡಚಿ, ಮೇಲ್ಭಾಗ ಮೇಜಿಗೆ ತಾಗುವಂತೆ ಇಟ್ಟರು. ಚೆನ್ನಾಗಿರುವ ಬೆಕ್ಕು ಚಣದಲ್ಲಿ ನೆಟ್ಟಗೆ ಮಾಡಿಕೊಳ್ಳುತ್ತದೆ. ಇದು ಮಡಚಿದ ಪಾದದ ಮೇಲೆಯೇ ನಿಂತಿತು. ತನ್ನ ಕಾಲು ಎಲ್ಲಿದೆ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಚಿಮಟದಿಂದ ಬೆನ್ನಿನ ಚರ್ಮವನ್ನು ಬಾಲದ ಕಡೆಯಿಂದ ಮೇಲಕ್ಕೆ ಚೂರು ಚೂರೇ ಹಿಸುಕುತ್ತ ಬಂದರು. ನೊಣ ಕೂತಾಗ ದನದ ಚರ್ಮ ನಡುಗುತ್ತದಲ್ಲ, ಹಾಗೆ ನಡುಗಬೇಕು. ಒಂದು ಜಾಗದವರೆಗೆ ಏನೂ ಇಲ್ಲ, ಅದನ್ನು ದಾಟಿದ ಮೇಲೆ ನಡುಗಿತು. ಕೊನೆಗೆ ಹೊಟ್ಟೆ ಮುಟ್ಟಿದರು. ಮೂತ್ರಚೀಲ ಲಿಂಬೆಹಣ್ಣಿನಂತೆ ಬಿಗಿದಿತ್ತು.

"ಜಾಗಾ ಸಿಕ್ತು. ಏನ ಅನ್ನೂದು ಸಿಗಬೇಕು," ಅಂದರು. ಯಜಮಾನತಿಯ ಕಡೆ ತಿರುಗಿ, "ಒಮ್ಮೆಲೆ ಆತೇನ್ರಿ, ಬರಬರ್ತ ಆತೇನ್ರಿ?"

"ಒಮ್ಮೆಲೆ ರೀ. ಹೊಡದಾರಲ್ರಿ ಮತ್ತ."

ನಾನು ಹೇಳಿದ ಮಾತೇ ಯಜಮಾನತಿಯ ಬಾಯಿಂದ ಬಾಯಾರ ಕಿವಿಗೆ ಸಾಕ್ಷಿಯಾಗಿ ಹೋಯಿತು. ನಾನು ಬೆಕ್ಕಿನ ಕುತ್ತಿಗೆ ಹಿಡಿದು ನಿಂತಿದ್ದೆ.

ಎಕ್ಸ್‌ರೇಗೆ ಊರಿನ ಎಲುಬಿನ ಡಾಕ್ಟರರನ್ನು ಕೇಳಿಕೊಂಡೆವು. ಅವರ ರೋಗಿಗಳು ಊಟಕ್ಕೆ ಎದ್ದ ಮೇಲೆ ಹಿಂಬಾಗಿಲಿನಿಂದ ಒಳಗೆ ಬಿಟ್ಟರು. ಚಿತ್ರದಲ್ಲಿ ಎಲುಬೆಲ್ಲ ಮಣಿ ಪೋಣಿಸಿದಂತೆ ಸರಿಯಾಗಿತ್ತು. ಮುರಿತವಿಲ್ಲ, ಜರುಗಿಲ್ಲ. ಬಾಯಾರು ಚಿತ್ರದ ಮುಂದೆ ಬಹಳ ಹೊತ್ತು ಕೂತರು.

"ಪೆಟ್ಟಾದ್ರ ಒಂದೋ ದಿನದಿಂದ ದಿನಕ್ಕ ಕಡಿಮಿ ಆಗಬೇಕು, ಇಲ್ಲಾ ಇದ್ದಂಗ ಇರಬೇಕು. ಇದು ಕಡಿಮಿ ಆಗಿ ಮತ್ತ ಯಾಕ ಹೆಚ್ಚಾತು ಕಾಕಾ?"

"ಎಲ್ಲೆರೆ ಜಿಗಿದಿರಬೇಕ್ರಿ," ಅಂದೆ.

ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡಬೇಕೆಂದರು. ಬೆಕ್ಕಿಗೆ ಮಂಪರು ಕೊಟ್ಟು, ಬಿಲ್ಲಿನಂತೆ ಬಗ್ಗಿಸಿ ಹಿಡಿಯುವುದು ನನ್ನ ಪಾಲು. ಸೂಜಿ ಸೊಂಟದ ಕೆಳಗೆ ಒಳಗೆ ಹೋಗಿ, ತಿಳಿಯಾದ ಹನಿಗಳು ಬಂದವು. ಆ ನೀರಿನ ಕಣಗಳು ಬೇಗ ಒಡೆದುಹೋಗುತ್ತವೆ. ಆದ್ದರಿಂದ ಪಕ್ಕದ ರಕ್ತ ಪರೀಕ್ಷೆ ಅಂಗಡಿಯ ಗಿರಕಿ ಯಂತ್ರದಲ್ಲಿ ಅಲ್ಲೇ ತಿರುಗಿಸಿ ಗಾಜಿನ ಮೇಲೆ ಹಚ್ಚಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರು, ತಮ್ಮ ಗುರುಗಳಿಗೆ ಕಳಿಸಿದರು. ಇಬ್ಬರಿಗೂ ಏನೂ ಸಿಗಲಿಲ್ಲ. ಬೆಕ್ಕಿನ ಬೆನ್ನು ದಿನೇದಿನೇ ಹೋಗುತ್ತಿದೆ, ನೀರಿನಲ್ಲಿ ಮಾತ್ರ ಸುಳಿವಿಲ್ಲ.

ಗುರುಗಳು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರು. ಬಾಯಾರು ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು.

"ಕಾಕಾ, ಇದಕ್ಕ ಸ್ಟಿರಾಯ್ಡ್ ಬಿದ್ದಿಲ್ಲಲ್ಲಾ?"

"ಇಲ್ರಿ."

ಅವರು ಫೋನಿನಲ್ಲಿ, "ಇಲ್ಲ ಸರ್," ಅಂದರು.

ಮುಂದಿನ ವಾರಗಳು ದಣಿವಿನವು. ಮೂತ್ರ ತಾನಾಗಿ ಬಾರದ ಬೆಕ್ಕಿಗೆ ದಿನವೂ ಹೊಟ್ಟೆ ಹಿಂಡಿ ತೆಗೆಯಬೇಕು. ಯಜಮಾನತಿಗೆ ಕಲಿಸಿದೆ. ಅವರಿಗೆ ಅದು ಒಗ್ಗಲಿಲ್ಲ. ಹಾಗಾಗಿ ನಾನೇ ಬಸ್ಸಿನಲ್ಲಿ ಜಮಖಂಡಿಯಿಂದ ಬನಹಟ್ಟಿಗೆ ಹೋಗಿ ಬರುತ್ತಿದ್ದೆ. ಬುಟ್ಟಿಯ ಬಟ್ಟೆ ಬದಲಿಸುವುದು, ಒದ್ದೆಯಾಗಿ ಕೆಂಪಾದ ತೊಡೆಗೆ ಮುಲಾಮು ಹಚ್ಚುವುದು, ಮಗ್ಗುಲು ಹೊರಳಿಸುವುದು. ಮಗ್ಗಗಳ ಸದ್ದಿನಲ್ಲಿ ಅದರ ಕೂಗು ಕೇಳುತ್ತಿರಲಿಲ್ಲ, ಬಾಯಿ ತೆರೆಯುವುದಷ್ಟೇ ಕಾಣುತ್ತಿತ್ತು. ಬೀದಿಯ ಚಹಾದಂಗಡಿಯವನು ಚೇಷ್ಟೆ ಮಾಡುತ್ತಿದ್ದ. "ಏನ ಕಾಕಾ, ಬೆಕ್ಕಿನ ಉಚ್ಚಿ ಹಿಂಡಾಕಂತ ಸರಕಾರ ನಿಮಗ ಪೆನ್ಶನ್ ಕೊಡತೈತೇನು?" ಎಲ್ಲರೂ ನಗುತ್ತಿದ್ದರು, ನಾನೂ. ನಕ್ಕು ಮುಗಿದ ಮೇಲೆ ಅವರ ಮಾತು ಆ ಹೆಣ್ಣುಮಗಳ ಕಡೆ ತಿರುಗುತ್ತಿತ್ತು. ಆಕೆ ಊರು ಬಿಟ್ಟು ತೇರದಾಳದ ಅಣ್ಣನ ಮನೆ ಸೇರಿದ್ದಾಳೆ, ಅರಿಶಿನದ ಹೊಲದಲ್ಲಿ ಕುರಪಿ ಹಿಡಿದು ಕಳೆ ತೆಗೆಯಲು ಹೋಗುತ್ತಾಳೆ ಎಂದು ಗೊತ್ತಾದದ್ದು ಅಲ್ಲೇ. "ಕಂಡಿಕಿ ಸುತ್ತೂ ಕೈಯಾಗ ಕುರಪಿ ಬಂತ ನೋಡ್ರಿ, ಬೆಕ್ಕಿನ ಶಾಪಾ," ಅಂದ ಒಬ್ಬ. ನಾನು ಚಹಾ ಕುಡಿದು ಎದ್ದೆ.

ಬಾಯಾರು ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಬೆನ್ನುಹುರಿಯ ಸುತ್ತ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧಿ ಬಿಟ್ಟು ಚಿತ್ರ ತೆಗೆಯುವುದು. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಒತ್ತಡ. ಸೊರಗಿದ ಬೆಕ್ಕು, ಮತ್ತೆ ಮಂಪರು, ಔಷಧಿಯಿಂದ ಫಿಟ್ಸ್ ಬರುವ ಭಯ. ಯಜಮಾನತಿಗೆ ಎಲ್ಲವನ್ನೂ ಹೇಳಿದರು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಒಪ್ಪಿದರು.

ಎಲುಬಿನ ದವಾಖಾನೆಯ ಅದೇ ಕೋಣೆ. ಬೆಕ್ಕು ಮಲಗಿತ್ತು. ಸೊಂಟದ ಕೂದಲು ಬೋಳಿಸಿದ ಜಾಗ ನನ್ನ ಅಂಗೈಗಿಂತ ಸಣ್ಣದು. ಅದನ್ನು ಬಗ್ಗಿಸಿ ಹಿಡಿದೆ. ಒಂದೊಂದು ಮಣಿಯೂ ಬೆರಳಿಗೆ ಸಿಗುವಷ್ಟು ಬಡವಾಗಿತ್ತು. ಬಾಯಾರು ಕೈ ತೊಳೆದು ಸೂಜಿ ಎತ್ತಿಕೊಂಡರು. ಇವರು ಕತ್ತಲಲ್ಲಿ ಕೈ ಹಾಕುತ್ತಿದ್ದಾರೆ, ದೀಪ ನನ್ನ ಹತ್ತಿರ ಇದೆ ಎನಿಸಿತು. ಒಳ್ಳೆಯತನದಿಂದ ಹೇಳಿದೆನೆಂದು ಹೇಳಲಾರೆ. ದಣಿದಿದ್ದೆ. ಆ ಸುಳ್ಳನ್ನು ಹೊತ್ತು ಇನ್ನೊಂದು ಸಲ ಆ ಬಸ್ಸು ಹತ್ತುವುದು ನನ್ನಿಂದ ಆಗುತ್ತಿರಲಿಲ್ಲ.

"ಬಾಯಾರ, ಒಂದ ಮಾತೈತ್ರಿ."

"ಈಗಾ?"

"ಈಗ್ರಿ. ಇದಕ್ಕ ಸ್ಟಿರಾಯ್ಡ್ ಕೊಟ್ಟೀನಿ. ಮೊದಲ ಬಂದ ದಿನ ಒಮ್ಮೆ. ಮತ್ತ ಬಿದ್ದಾಗ, ನಿಮ್ಮ ಹಂತ್ಯಾಕ ತರೂಕಿಂತ ಹಿಂದಿನ ದಿನಾ ಒಮ್ಮೆ. ಅದಕ್ಕ ಅದು ನಡದದ್ದು."

ಬಾಯಾರ ಸೂಜಿ ಗಾಳಿಯಲ್ಲಿ ನಿಂತಿತು. ಯಾವ ಔಷಧಿ, ಎಷ್ಟು ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆಂದು ಕಾದೆ.

"ನಮ್ಮ ಸರ್‌ಗೆ ನಾ ಸುಳ್ಳ ಹೇಳಿದಂಗಾತಲ್ಲ ಕಾಕಾ," ಅಂದರು. ಮತ್ತೆ ಸೊಂಟದ ಮಣಿ ಹುಡುಕುತ್ತ, "ಹಿಡೀರಿ ಗಟ್ಟಿಗೆ."

ಔಷಧಿ ಹೋಯಿತು. ಚಿತ್ರ ತೆರೆಯ ಮೇಲೆ ಮೂಡಿತು. ಬೆನ್ನುಹುರಿಯ ಎರಡೂ ಮಗ್ಗುಲಿಗೆ ಎರಡು ಬಿಳಿ ಗೆರೆ, ಅಂಚು ಕಟ್ಟಿದ ಹಾಗೆ ಸಾಗಿದ್ದವು. ಕಡೆಯ ಪಕ್ಕೆಲುಬು ದಾಟಿದ ಮೇಲೆ ಒಂದು ಗೆರೆ ಒಳಕ್ಕೆ ಬಾಗಿತು, ಕೂದಲೆಳೆಯಾಯಿತು, ಕಾಣೆಯಾಯಿತು. ಕೆಲವು ಮಣಿ ದಾಟಿ ಮತ್ತೆ ಕಾಣಿಸಿತು. ನಾನು ಹೆಬ್ಬೆರಳು ಒತ್ತಿದಾಗ ಬೆಕ್ಕು ಕಿರುಚಿದ ಜಾಗ ಅದೇ. ಹೆಬ್ಬೆರಳಿಗೆ ಸಿಕ್ಕಿದ್ದು ನಿಜ. ಅದಕ್ಕೆ ಹೆಸರಿಟ್ಟದ್ದು ತಪ್ಪು.

"ಬಗಲಿನಿಂದ ಏನೋ ಒತ್ತಾಕತ್ತೈತಿ," ಅಂದರು ಬಾಯಾರು. "ಸ್ಟಿರಾಯ್ಡ್ ಬಿದ್ದ ಕೂಡ್ಲೆ ಕುಗ್ಗೂದು, ಅದರ ಬಲಾ ಇಳದಂಗ ಮತ್ತ ಬೆಳಿಯೂದು. ಇದು ಪೆಟ್ಟ ಮಾಡೂ ಕೆಲಸಲ್ಲ. ಲಿಂಫೋಮಾ ಅನಸ್ತೈತಿ, ಒಂದ ನಮೂನಿ ಕ್ಯಾನ್ಸರ್. ಗಡ್ಡಿ. ನೀರಿನ್ಯಾಗಿನ ಕಣಾನೂ ಆ ಔಷಧಾನ ಕೊಂದಿರಬೇಕು. ತಡೀರಿ, ಎಚ್ಚರಾಗೂಕಿಂತ ಮೊದಲ ಎಲಬಿನ ಮಜ್ಜಿ ತಗೀತೀನಿ. ಇದು ಅಲ್ಲೂ ಕುಂತಿರತೈತಿ."

ತೊಡೆಯೆಲುಬಿನ ತುದಿಗೆ ದಪ್ಪ ಸೂಜಿ ತಿರುಗಿಸಿ ಇಳಿಸಿದರು. ಸಿರಿಂಜಿನಲ್ಲಿ ಕೆಂಪು ಹನಿ, ಅದರೊಳಗೆ ಎಣ್ಣೆಯ ಚುಕ್ಕೆಯಂಥ ಕಣಗಳು. ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕಿಟ್ಟು ಈ ಸಲ ನನ್ನನ್ನೂ ಕರೆದು ತೋರಿಸಿದರು. ದೊಡ್ಡ ದೊಡ್ಡ ದುಂಡಗಿನ ನೀಲಿ ಕಣಗಳು, ಒಂದರ ಮೇಲೊಂದು ನುಗ್ಗಿದಂತೆ. ಗುರುಗಳೂ ಹೌದೆಂದರು. ರಕ್ತದ ಹನಿಯನ್ನು ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟಾಗ ಬೆಕ್ಕುಗಳ ರಕ್ತಕ್ಯಾನ್ಸರಿನ ವೈರಾಣುವಿನ ಗೆರೆಯೂ ಮೂಡಿತು. ಬೆಕ್ಕಿನಿಂದ ಬೆಕ್ಕಿಗೆ ಜೊಲ್ಲಿನಲ್ಲಿ ದಾಟುವಂಥದ್ದು. ಯಾವ ಕೈಯೂ ಹೊಡೆಯಬೇಕಾದ್ದಿರಲಿಲ್ಲ.

ಬಾಯಾರು ಯಜಮಾನತಿಯನ್ನು ಮತ್ತೆ ಕೂರಿಸಿಕೊಂಡು ಕೇಳಿದರು, ಈ ಸಲ ಪೆಟ್ಟಿನ ಮಾತೆತ್ತದೆ. "ಮೊದಲ ಎಲ್ಲೆಲ್ಲಿ ಹತ್ತತಿತ್ತು? ಯಾವಾಗ ಬಿಟ್ತು?"

"ಹಂಗ ನೋಡಿದ್ರ... ಮಾಳಿಗಿ ಹತ್ತೂದು ಭಾಳ ದಿನಾ ಮದಲ ಬಿಟ್ಟಿತ್ರಿ. ವಯಸ್ಸಾತೇನೋ ಅಂದಕೊಂಡಿದ್ವಿ. ಬಾಲಾನೂ ಎತ್ತತಿದ್ದಿಲ್ಲ."

ಇದೇ ಪ್ರಶ್ನೆ ನಾನು ಮೊದಲ ದಿನ ಕೇಳಬೇಕಿತ್ತು.

ಗುಳಿಗೆ ಕೊಟ್ಟರು. ಸ್ವಲ್ಪ ಕಾಲ ಬೆಕ್ಕು ಬಿಸಿಲಿಗೆ ತೆವಳಿಕೊಂಡು ಹೋಗುವಷ್ಟಾಯಿತು. ಆಮೇಲೆ ತಿನ್ನುವುದನ್ನು ಬಿಟ್ಟಿತು. ನೋವಿಲ್ಲದೆ ಮಲಗಿಸುವ ಇಂಜೆಕ್ಷನ್ ಕೊಡೋಣವೇ ಎಂದು ಬಾಯಾರು ಕೇಳಿದಾಗ ಮನೆಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ಬೆಕ್ಕನ್ನು ಕೊಲ್ಲಿಸಿದ ಪಾಪ ಯಾರು ಹೊರಬೇಕು? ಅದು ತಾನಾಗಿಯೇ ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ತೀರಿಹೋಯಿತು. ಹೂಳುವ ಮೊದಲು ಬಿಚ್ಚಿ ನೋಡಲು ಯಜಮಾನ ಒಪ್ಪಿದ. ಬೆನ್ನಿನ ಚರ್ಮದ ಕೆಳಗೆ ಕಂದಿದ ಗುರುತಿಲ್ಲ, ಎಲುಬಿನಲ್ಲಿ ಸೀಳಿಲ್ಲ. ಬಾಯಾರು ಎಲುಬಿನ ಕಮಾನು ಕತ್ತರಿಸಿ ತೆಗೆದಾಗ, ಬೆನ್ನುಹುರಿಯನ್ನು ಒಂದು ಪಕ್ಕಕ್ಕೆ ಒತ್ತಿಕೊಂಡು, ಮಾಸಲು ಗುಲಾಬಿ ಬಣ್ಣದ ಮೆತ್ತನೆಯ ಗಡ್ಡೆ ಉದ್ದಕ್ಕೆ ಮಲಗಿತ್ತು. ನಾನು ಬೆರಳಿನಿಂದ ಮುಟ್ಟಿ ನೋಡಿದೆ.

"ಪೆಟ್ಟಿನಿಂದ ಇದು ಆಗತೈತೇನ್ರಿ ಬಾಯಾರ?" ಎಂದು ಕೇಳಿದೆ.

"ಆಗೂದಿಲ್ಲ ಕಾಕಾ. ಇದಕ್ಕ ವೈರಾಣು ಕಾರಣ." ಕಂಡಿಕಿ ಸುತ್ತುವವಳ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಹೂತ ಮೇಲೆ ಸುದ್ದಿ ಹೇಳಲು ಯಜಮಾನತಿಯ ಹತ್ತಿರ ಹೋದೆ. ಅವತ್ತು ನಿಜವಾಗಿಯೂ ಹೇಳಬೇಕೆಂದೇ ಹೋಗಿದ್ದೆ.

"ಅಕ್ಕಾರ, ಒಳಗ ಗಡ್ಡಿ ಇತ್ರಿ. ರೋಗ. ಹಂಗಾಗಿ ಆ ಹೆಣ್ಮಗಳು..."

ಅವರು ಕಣ್ಣೊರೆಸಿಕೊಂಡು, "ನೋಡ್ರಿ ಕಾಕಾ, ಆಕಿ ಹೊಡದಿದ್ದಕ್ಕ ಗಡ್ಡಿ ಕಟ್ಟೇತಿ. ನೀವು ಮದಲ ದಿನಾನ ಅಂದಿದ್ರಿ ಪೆಟ್ಟ ಅಂತ. ಸುಳ್ಳಾಗಲಿಲ್ಲ," ಅಂದರು.

ಅಲ್ಲ ಎಂಬ ಎರಡಕ್ಷರ ಸಾಕಿತ್ತು. ಆದರೆ ನನ್ನ ಮೊದಲ ದಿನದ ಮಾತು ಅವರ ಬಾಯಲ್ಲಿ ಇನ್ನೂ ಬದುಕಿತ್ತು. ಅದು ಉಳಿದರೆ ನಾನೂ ಉಳಿಯುತ್ತಿದ್ದೆ.

"ಹೇಳಾಕ ಬರೂದಿಲ್ರಿ," ಅಂದೆ. ಚಹಾ ಕೊಟ್ಟರು. ಕುಡಿದೆ.

ಕೆಲವು ತಿಂಗಳ ಮೇಲೆ ತೇರದಾಳದಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿ ಜಮಖಂಡಿ ಬಸ್ಸಿಗೆ ಕಾಯುತ್ತಿದ್ದೆ. ಹೊಲದಿಂದ ಬರುತ್ತಿದ್ದ ಹೆಂಗಸರ ಗುಂಪಿನಲ್ಲಿ ಆಕೆ ಇದ್ದಳು. ಉಗುರುಗಳು ಅರಿಶಿನದ ಮಣ್ಣಿನಿಂದ ಹಳದಿಯಾಗಿದ್ದವು. ನಾನು ಮುಖ ತಿರುಗಿಸುವ ಮೊದಲೇ ಗುರುತು ಹಿಡಿದಳು. ಗುಂಪಿನಿಂದ ಬೇರೆಯಾಗಿ ಹತ್ತಿರ ಬಂದಳು. ಜಗಳಕ್ಕೆ ಬಂದಳೆಂದುಕೊಂಡೆ.

"ಆರಾಮದೀರೇನ್ರಿ ಕಾಕಾ? ಬೆಕ್ಕ ಹೆಂಗೈತ್ರಿ?"

"ಸತ್ತಿತವಾ."

ಆಕೆಯ ಕುರಪಿ ಹಿಡಿದ ಕೈ ಕೆಳಗಿಳಿಯಿತು. "ಹಂಗಾರ ಹತ್ತಿತ್ತೇನೋರಿ ಯಪ್ಪಾ," ಅಂದಳು, ನನಗಲ್ಲ, ತನ್ನಷ್ಟಕ್ಕೆ. "ಗ್ವಾಡಿಗಿ ಬಡೀತು ಅಂತನ ತಿಳಕೊಂಡಿದ್ದೆ. ಸಿಟ್ಟಿನ್ಯಾಗ ಕಣ್ಣ ಕಾಣೂದಿಲ್ಲಲ್ರಿ. ಅದಕ್ಕ ಬಡದ ಗ್ವಾಡಿಗಿ ಹಾರಿರಬೇಕು."

ಎಲ್ಲರೂ ಅಂದದ್ದನ್ನು ಆಕೆಯೂ ನಂಬತೊಡಗಿದ್ದಳು. ಕೆಲಸ ಕಳೆದುಕೊಂಡಾಗಲೂ ತಾನು ಮಾಡಿಲ್ಲವೆಂದು ನನ್ನ ಹೊಸ್ತಿಲಲ್ಲಿ ನಿಂತು ಹೇಳಿದವಳು, ನನ್ನ ಒಂದು ಮಾತು ಕೇಳಿ ತಾನೇ ಮಾಡಿದೆನೆಂದು ಒಪ್ಪಿಕೊಂಡಳು. ಬಸ್ಸು ಬಂತು. ಜನ ನುಗ್ಗಿದರು. ಅದು ರೋಗ, ನಿನ್ನ ಕೈಯಿಂದ ಆದದ್ದಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಅದರ ಹಿಂದೆಯೇ ಇನ್ನೊಂದು ಮಾತು ಬರಬೇಕಾಗುತ್ತಿತ್ತು, ನನಗೆ ಇದು ಯಾವಾಗಲೋ ಗೊತ್ತಿತ್ತು ಎಂಬುದು. ನಾನು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಆಕೆ ಅಲ್ಲೇ ನಿಂತಿದ್ದಳು, ಜೊತೆಯವರು ಕರೆಯುತ್ತಿದ್ದರು.

ದವಾಖಾನೆಯ ಕೆಲಸ ಬಿಟ್ಟ ಮೇಲೆ ಒಮ್ಮೆ ಧೈರ್ಯ ಮಾಡಿ ತೇರದಾಳಕ್ಕೆ ಹೋದೆ. ಅಣ್ಣನ ಮನೆ ಸಿಕ್ಕಿತು. ಆಕೆ ಮಗ್ಗದ ಕೆಲಸಕ್ಕೆಂದು ಮಹಾರಾಷ್ಟ್ರದ ಇಚಲಕರಂಜಿ ಕಡೆ ಹೋದಳಂತೆ. "ಅಲ್ಲಿ ಯಾರಿಗೂ ಗುರತಿಲ್ಲಲ್ರಿ, ಅದಕ್ಕ," ಅಂದ ಅಣ್ಣ. ಏನು ಹೇಳಬೇಕಿತ್ತು ಎಂದು ಕೇಳಿದ. ಅವನ ಹತ್ತಿರ ಹೇಳಿ ಬರಬಹುದಿತ್ತು. ಏನಿಲ್ಲ, ಹೀಗೇ ಬಂದಿದ್ದೆ ಎಂದು ಎದ್ದು ಬಂದೆ. ಅವತ್ತೂ.

ಈಗ ಅಷ್ಟು ದೂರದ ಪ್ರಯಾಣ ನನ್ನಿಂದಾಗದು. ಆಕೆಗೆ ಓದು ಬಾರದು. ಆದರೆ ಬನಹಟ್ಟಿ, ರಬಕವಿ, ತೇರದಾಳದವರು ಇದನ್ನು ಓದಬಹುದು, ಆ ಕಡೆಯ ಮಗ್ಗಗಳಿಗೆ ಹೋಗಿಬರುವವರು ಇರಬಹುದು. ಯಾರಿಗಾದರೂ ಆಕೆ ಸಿಕ್ಕರೆ ಬೆಕ್ಕಿನ ಬೆನ್ನೊಳಗೆ ಗಡ್ಡೆ ಬೆಳೆದಿತ್ತು, ಕಂಡಿಕಿ ಒಗೆಯುವ ಮೊದಲೇ ಬೆಳೆದಿತ್ತು, ಬಿಚ್ಚಿ ನೋಡಿದವನೇ ಬರೆದಿದ್ದಾನೆ ಎಂದು ಹೇಳಿ. ನನ್ನ ಪರವಾಗಿ ಕ್ಷಮೆ ಕೇಳಬೇಡಿ. ಅದು ನಾನೇ ಕೇಳಬೇಕಾದದ್ದು, ಕೇಳಿಲ್ಲ. ಮಗ್ಗದ ಮನೆಯಲ್ಲಿ ಆಕೆಯನ್ನು ಕಂಡಿಕಿ ಸುತ್ತಾಕಿ ಎನ್ನುತ್ತಿದ್ದರು, ಆಮೇಲೆ ಓಣಿಯವರು ಬೆಕ್ಕ ಹೊಡದಾಕಿ ಎಂದರು. ಹಾಗೆಲ್ಲ ಕೇಳಿದರೆ ಅಲ್ಲಿ ಸಿಗಲಾರಳು.

ಆಕೆಯ ಹೆಸರು ದುಂಡವ್ವ.